ಕಾಲ ಕಳೆದಂತೆ ಜೀವ ಜಟಿಲವಾಗಲೇಬೇಕೇ?

ಮುಧೋಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿರುವ ತಮ್ಮ ಪತ್ರ ತಲುಪಿದೆ. ಜೀವವಿಕಾಸವನ್ನು ಕುರಿತು ನಾವು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ತರಗತಿಯಲ್ಲಿ ಓದಿಸಿದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನೇ ತಾವು ನಮ್ಮ ಮುಂದಿಟ್ಟಿದ್ದೀರಿ: ಕಾಲ ಕಳೆದಂತೆ ಗೋಡೆ ಕುಸಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಗಿದ್ದರೆ ಅದೇ ಕಾಲ ಒಂದೇ ಜೀವಕೋಶದಿಂದ ಆನೆಯನ್ನೂ ಮನುಷ್ಯನನ್ನೂ ಹೇಗೆ ಕಟ್ಟಿತು? ಇದರ ಜೊತೆಗೆ ಲೋಕಾಪುರದ ಹತ್ತಿರದ ಸುಣ್ಣಕಲ್ಲಿನ ಚಿತ್ರವೊಂದನ್ನು ಕಳಿಸಿ, ಅದರ ಮೇಲಿನ ಗೆರೆಗಳು ಪಳೆಯುಳಿಕೆಯೇ ಎಂದೂ ವಿಚಾರಿಸಿದ್ದೀರಿ. ಎರಡನ್ನೂ ಒಟ್ಟಿಗೇ ಉತ್ತರಿಸುವುದು ಸರಿಯೆಂದು ನಮಗೆ ತೋರಿದೆ, ಏಕೆಂದರೆ ಆ ಕಲ್ಲಿನಲ್ಲಿ ಹುಡುಗಿಯ ಪ್ರಶ್ನೆಗೆ ಬೇಕಾದ ಸಾಕ್ಷ್ಯವೇ ಇದೆ.

ಪ್ರಶ್ನೆಯ ಮೊದಲ ಭಾಗವನ್ನು ಬೇಗ ಮುಗಿಸಬಹುದು. ಅವ್ಯವಸ್ಥೆ ಹೆಚ್ಚುತ್ತಲೇ ಹೋಗಬೇಕೆಂಬ ಉಷ್ಣಬಲವಿಜ್ಞಾನದ ಎರಡನೆಯ ನಿಯಮ ಅನ್ವಯಿಸುವುದು ಹೊರಗಿನೊಡನೆ ಕೊಡುಕೊಳ್ಳುವಿಕೆ ಇಲ್ಲದ ವ್ಯವಸ್ಥೆಗೆ. ಭೂಮಿಗೆ ಸೂರ್ಯನ ಬೆಳಕು ಬರುತ್ತದೆ, ಇಲ್ಲಿಂದ ಅದು ಶಾಖವಾಗಿ ಆಕಾಶಕ್ಕೆ ಮರಳುತ್ತದೆ. ಈ ಹರಿವಿನ ನಡುವೆ ನಿಂತ ಜೋಳದ ಗಿಡ ತನ್ನೊಳಗೆ ವ್ಯವಸ್ಥೆಯನ್ನು ಕಟ್ಟಿಕೊಳ್ಳುವಾಗ, ಅದಕ್ಕಿಂತ ಹೆಚ್ಚಿನ ಅವ್ಯವಸ್ಥೆಯನ್ನು ಸುತ್ತಲಿಗೆ ಬಿಟ್ಟುಕೊಡುತ್ತದೆ. ನಿಯಮ ಎಲ್ಲಿಯೂ ಮುರಿಯುವುದಿಲ್ಲ. ಶಕ್ತಿ ಹರಿಯುವಲ್ಲಿ ವ್ಯವಸ್ಥೆ ತಾನಾಗಿ ಮೂಡಬಲ್ಲದೆಂದು ತೋರಿಸಿದ ಇಲ್ಯಾ ಪ್ರಿಗೋಜಿನ್ ಅವರಿಗೆ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಜಟಿಲತೆ ಸಾಧ್ಯ ಎಂದು ಹೇಳಿದರೆ ಅದು ಏಕೆ ಬಂತು ಎಂದು ಹೇಳಿದಂತಾಗುವುದಿಲ್ಲ. ಕಷ್ಟದ ಭಾಗ ಇಲ್ಲಿಂದಲೇ ಆರಂಭವಾಗುತ್ತದೆ.

ಇನ್ನು ಕಲ್ಲಿನ ಮಾತು. ಬರೀ ಚಿತ್ರ ನೋಡಿ ಕೊನೆಯ ತೀರ್ಪು ಕೊಡಲಾಗದು. ಆದರೂ ಅರ್ಧಕ್ಕೆ ಕೊಯ್ದ ಉಳ್ಳಾಗಡ್ಡಿಯಂತೆ ಒಂದರ ಮೇಲೊಂದು ಬಾಗಿ ಮೇಲಕ್ಕೆ ಉಬ್ಬಿದ ಆ ಪದರಗಳು, ಸೂಕ್ಷ್ಮಜೀವಿಗಳು ಕಟ್ಟಿದ ಪದರುಗಲ್ಲುಗಳಾದ ಸ್ಟ್ರೊಮ್ಯಾಟೊಲೈಟ್‌ಗಳ ಲಕ್ಷಣವನ್ನೇ ಹೋಲುತ್ತವೆ, ಮತ್ತು ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹರಡಿರುವ ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು, ಅದನ್ನೇ ಹೋಲುವ ಡಾಲೊಮೈಟ್‌ಗಳಲ್ಲಿ ಅವು ಇರುವುದು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ಗೊತ್ತು. ಈ ಶಿಲೆಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಷ್ಟು ಹಿಂದೆಯೇ ವಿವರಿಸಿದ್ದಾರೆ. ಆಳವಿಲ್ಲದ ಸಮುದ್ರದ ತಳದಲ್ಲಿ, ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳು ಅಂಟಂಟಾದ ಹಾಸು ಹೆಣೆಯುತ್ತವೆ. ಅದರ ಮೇಲೆ ನುಣ್ಣನೆಯ ಕೆಸರು ಕೂರುತ್ತದೆ, ಸುಣ್ಣ ಗಟ್ಟಿಯಾಗುತ್ತದೆ. ಬೆಳಕಿಗಾಗಿ ಜೀವಿಗಳು ಕೆಸರಿನ ಮೇಲಕ್ಕೆ ಬಂದು ಮತ್ತೊಂದು ಹಾಸು ಹೆಣೆಯುತ್ತವೆ. ಹೀಗೆ ಕೂದಲೆಳೆಯಷ್ಟು ತೆಳುವಾದ ಪದರಗಳು ಪೇರಿ ಗುಮ್ಮಟವಾಗುತ್ತವೆ. ವಿಜಯಪುರದ ಎರೆಮಣ್ಣಿನ ಕೆಳಗಿನ ಕರಿಕಲ್ಲಿಗೆ ಸುಮಾರು 6.6 ಕೋಟಿ ವರ್ಷ. ತಮ್ಮ ಊರಿನ ಸುಣ್ಣಕಲ್ಲು 100 ಕೋಟಿ ವರ್ಷಗಳಿಗೂ ಹಳೆಯದು. ಅದರಲ್ಲಿ ಮೂಳೆಯನ್ನಾಗಲಿ ಚಿಪ್ಪನ್ನಾಗಲಿ ಹುಡುಕಿ ಪ್ರಯೋಜನವಿಲ್ಲ, ಆಗ ಅಂಥ ಪ್ರಾಣಿಗಳೇ ಇರಲಿಲ್ಲ.

ಹುಡುಗಿ ಗಮನಿಸಬೇಕಾದ ವಿಷಯ ಇದು. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಪ್ರಾಣಿಗಳ ಗುರುತು ಸಿಗುವುದು ಸುಮಾರು 57 ಕೋಟಿ ವರ್ಷಗಳ ಈಚೆಗೆ. ನಡುವಿನ 290 ಕೋಟಿ ವರ್ಷಗಳಷ್ಟು ಕಾಲ, ಎಂದರೆ ಜೀವದ ಇತಿಹಾಸದ ಬಹುಪಾಲು, ಭೂಮಿ ಸೂಕ್ಷ್ಮಜೀವಿಗಳದೇ ಆಗಿತ್ತು. ಕಾಲವೊಂದೇ ಜಟಿಲತೆಯನ್ನು ಕಟ್ಟುವುದಾಗಿದ್ದರೆ ಇಷ್ಟು ದೀರ್ಘ ತಡ ಅರ್ಥವಾಗುವುದಿಲ್ಲ. ಹಾಗೆಂದು ಆ ಅವಧಿ ವ್ಯರ್ಥವಾಗಲಿಲ್ಲ. ಸಯನೋಬ್ಯಾಕ್ಟೀರಿಯಾಗಳು ಹೊರಬಿಟ್ಟ ಆಮ್ಲಜನಕ ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಉಳಿಯತೊಡಗಿತು. ಆಮೇಲೆ ಒಂದು ಜೀವಕೋಶ ಮತ್ತೊಂದನ್ನು ಒಳಗೆ ಸೇರಿಸಿಕೊಂಡಿತು, ಒಳಗಿನದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಆಯಿತು; ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಪಟ್ಟು ಹಿಡಿದು ಮಂಡಿಸಿದ ಈ ವಿಚಾರವನ್ನು ಇಂದು ಜೀವವಿಜ್ಞಾನ ಒಪ್ಪಿದೆ. ನಾವು, ಜೋಳ, ಅಣಬೆ ಎಲ್ಲವೂ ಆ ಕೂಡಿಕೆಯ ಸಂತತಿ. ಅದು ನಡೆಯದೆ ಇದ್ದಿದ್ದರೆ ಇನ್ನೂ ನೂರು ಕೋಟಿ ವರ್ಷ ಕಳೆದರೂ ಆನೆ ಬರುತ್ತಿತ್ತೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ.

ಹಾಗಾದರೆ ಒಟ್ಟಾರೆ ಜಟಿಲತೆ ಹೆಚ್ಚಿದಂತೆ ಏಕೆ ಕಾಣುತ್ತದೆ? ಜೀವ ಆರಂಭವಾದದ್ದೇ ಇನ್ನು ಸರಳವಾಗಲು ಸಾಧ್ಯವಿಲ್ಲವೆಂಬಷ್ಟು ಸರಳ ರೂಪದಲ್ಲಿ. ಅಲ್ಲಿಂದ ಕೆಳಕ್ಕೆ ದಾರಿಯಿಲ್ಲದ ಕಾರಣ, ಗೊತ್ತುಗುರಿಯಿಲ್ಲದೆ ಬದಲಾಗುತ್ತ ಹೋದರೂ ಕೆಲವು ವಂಶಗಳು ಮೇಲಕ್ಕೆ ಸರಿಯಲೇಬೇಕು. ಮೇಲೆ ಹೋದವು ಕೆಳಗಿಳಿದ ಉದಾಹರಣೆಗಳೂ ಬೇಕಾದಷ್ಟಿವೆ. ಲಾಡಿಹುಳುವಿನ ಪೂರ್ವಜರಿಗೆ ಜೀರ್ಣಾಂಗವಿತ್ತು, ಅದಕ್ಕಿಲ್ಲ. ಪರರ ಕರುಳಿನಲ್ಲಿ ಜೀರ್ಣವಾದ ಆಹಾರವನ್ನು ಚರ್ಮದಿಂದಲೇ ಹೀರುವ ಜೀವಿಗೆ ಅದು ಬೇಡವಾಯಿತು. ಜಟಿಲತೆಯನ್ನು ಅಳೆಯುವುದೂ ಸುಲಭವಲ್ಲ. ಮನುಷ್ಯನ ಜೀನೋಮಿನಲ್ಲಿ, ಎಂದರೆ ಇಡೀ ಆನುವಂಶಿಕ ಬರಹದಲ್ಲಿ, ಸುಮಾರು 310 ಕೋಟಿ ಅಕ್ಷರಗಳಿದ್ದರೆ, ನಮ್ಮ ಹೊಲದ ಉಳ್ಳಾಗಡ್ಡಿಯಲ್ಲಿ ಸುಮಾರು 1,600 ಕೋಟಿ, ಎಂದರೆ ಐದು ಪಟ್ಟು.

ಕಾಲದ ಪಾಲು ಏನೂ ಇಲ್ಲವೇ ಎಂದು ತಾವು ಕೇಳಬಹುದು. ಇದೆ, ಮತ್ತು ಅದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗವನ್ನು ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ ಅಮೆರಿಕದಲ್ಲಿ 1988ರಲ್ಲಿ ಆರಂಭಿಸಿದರು. ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ಒಂದೇ ಮೂಲದಿಂದ ತೆಗೆದು ಹನ್ನೆರಡು ಸೀಸೆಗಳಲ್ಲಿ ಬೆಳೆಸಿ, ಪ್ರತಿದಿನ ನೂರರಲ್ಲಿ ಒಂದು ಪಾಲನ್ನು ಹೊಸ ಸೀಸೆಗೆ ದಾಟಿಸುತ್ತ, ಪ್ರತಿ 500 ತಲೆಮಾರಿಗೊಮ್ಮೆ ಮಾದರಿಯನ್ನು ಹಿಮಗಟ್ಟಿಸಿ ಇಡುತ್ತ ಬಂದರು. ದ್ರಾವಣದಲ್ಲಿ ಸಿಟ್ರೇಟ್ (ನಿಂಬೆಹುಳಿಯ ಲವಣ) ಇತ್ತು, ಆದರೆ ಆಮ್ಲಜನಕವಿರುವಾಗ ಅದನ್ನು ತಿನ್ನುವುದು ಇ. ಕೋಲೈಗೆ ಬಾರದು. ಸುಮಾರು 31,500 ತಲೆಮಾರುಗಳಾದ ಮೇಲೆ ಹನ್ನೆರಡರಲ್ಲಿ ಒಂದೇ ಸೀಸೆ ಆ ಶಕ್ತಿ ಪಡೆಯಿತು. ಅದೃಷ್ಟವೇ, ಪೂರ್ವಸಿದ್ಧತೆಯೇ ಎಂದು ತಿಳಿಯಲು ಹಳೆಯ ಮಾದರಿಗಳನ್ನು ಕರಗಿಸಿ ಮತ್ತೆ ಬೆಳೆಸಿದರು. 20,000ನೆಯ ತಲೆಮಾರಿನಿಂದ ಈಚಿನ ಮಾದರಿಗಳಿಂದ ಆ ಗುಣ ಮತ್ತೆ ಮೂಡಿತು, ಅದಕ್ಕೂ ಹಿಂದಿನವುಗಳಿಂದ ಮೂಡಲಿಲ್ಲ. ಮೊದಲು ಬಂದ ಸಣ್ಣ ಬದಲಾವಣೆಗಳು ಮುಂದಿನದಕ್ಕೆ ನೆಲ ಹದ ಮಾಡಿದ್ದವು. ಕೊನೆಯಲ್ಲಿ ನಡೆದದ್ದೂ ಹೊಸ ಜೀನಿನ ಹುಟ್ಟಲ್ಲ. ಇದ್ದ ಜೀನೇ ಎರಡಾಗಿ, ಅದರ ಒಂದು ಪ್ರತಿ ಆಮ್ಲಜನಕವಿರುವಾಗಲೂ ಚಾಲನೆಯಾಗುವ ನಿಯಂತ್ರಕದ ಪಕ್ಕಕ್ಕೆ ಬಿತ್ತು. ಕಾಲ ಮಾಡುವ ಕೆಲಸ ಈ ಬಗೆಯದು: ನಡೆದುಹೋದುದನ್ನು ವಂಶದೊಳಗೆ ಉಳಿಸಿ, ಮುಂದೆ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಅದು ಬದಲಿಸುತ್ತದೆ. ಗೋಡೆಗೆ ಸಂತಾನವಿಲ್ಲ, ಆದ್ದರಿಂದ ಅದರ ಪಾಲಿಗೆ ಕಾಲ ಎಂದರೆ ಸವೆತ ಮಾತ್ರ.

ತರಗತಿಯ ಗೋಡೆಯ ಚಿತ್ರದಲ್ಲಿ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಮೆಟ್ಟಿಲುಗಳನ್ನು ಬರೆಯಲಾಗಿದೆ, ಅದನ್ನು ಇಟ್ಟುಕೊಳ್ಳಬೇಕೇ ಎಂದೂ ಕೇಳಿದ್ದೀರಿ. ತೆಗೆದುಬಿಡುವುದು ಒಳ್ಳೆಯದು. ಬದಲಿಗೆ ಮಕ್ಕಳ ಕೈಯಿಂದಲೇ ಕವಲೊಡೆಯುವ ಮರವೊಂದನ್ನು ಬರೆಸಿ, ಬ್ಯಾಕ್ಟೀರಿಯಾದ ಟೊಂಗೆಯನ್ನು ಕೆಳಗೇ ನಿಲ್ಲಿಸದೆ ಮನುಷ್ಯನ ಟೊಂಗೆಯಷ್ಟೇ ಎತ್ತರಕ್ಕೆ, ಇಂದಿನವರೆಗೆ ಎಳೆಸಿರಿ. ಮೈಟೊಕಾಂಡ್ರಿಯಾ ಬಂದ ಕಡೆ ಎರಡು ಟೊಂಗೆಗಳು ಕೂಡುವುದನ್ನೂ ತೋರಿಸಿರಿ. ಹಾಳೆಗೆ ಕಾಲದ ಅಳತೆ ಹಾಕುವಾಗ ಹತ್ತು ಕೋಟಿ ವರ್ಷಕ್ಕೆ ಒಂದು ಸೆಂಟಿಮೀಟರ್ ಹಿಡಿದರೆ ಆಸ್ಟ್ರೇಲಿಯಾದ ಕಲ್ಲಿನಿಂದ ಇಂದಿನವರೆಗೆ ಸುಮಾರು 35 ಸೆಂಟಿಮೀಟರ್ ಆಗುತ್ತದೆ, ಅದರಲ್ಲಿ ಪ್ರಾಣಿಗಳಿಗೆ ಸಿಗುವುದು ಕೊನೆಯ ಆರು.

— ಸಂಪಾದಕ