ಲೈಕ್ ಒತ್ತಿದರೆ ಸಾಲದು, ಮಾತಾಡಬೇಕು

ಪ್ರಶ್ನೆ: ನಾನು ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಬೇರೆ ಕೆಲಸ ಹುಡುಕುತ್ತಿದ್ದೇನೆ. ದಿನಾ ಲಿಂಕ್ಡ್‌ಇನ್‌ನಲ್ಲಿ ಕಂಡ ಪೋಸ್ಟ್‌ಗಳಿಗೆಲ್ಲ ಲೈಕ್ ಒತ್ತುತ್ತೇನೆ. ಗುರುತಿಲ್ಲದ ಎಚ್‌ಆರ್‌ಗಳಿಗೆ ರೆಸ್ಯೂಮೆ ಕಳಿಸುತ್ತೇನೆ. ಯಾರಿಂದಲೂ ಉತ್ತರವಿಲ್ಲ. ಸ್ವಂತ ಪೋಸ್ಟ್ ಬರೆಯಲು ಸಂಕೋಚ. ಬಾಸ್‌ಗೆ ಗೊತ್ತಾದರೆ ಎಂಬ ಭಯ ಬೇರೆ. ಏನು ಮಾಡಲಿ?

ಉತ್ತರ: ಸ್ವಂತ ಪೋಸ್ಟ್ ಬರೆಯಲೇಬೇಕು ಅಂತೇನೂ ಇಲ್ಲ, ಆ ಚಿಂತೆ ಬಿಡಿ. ಆದರೆ ನಿಮ್ಮ ಲೈಕ್ ನೋಡಿ ನೀವು ಎಂಥ ಕೆಲಸಗಾರರು ಅಂತ ಯಾರಿಗೂ ತಿಳಿಯುವುದಿಲ್ಲ. ಅದು ತಿಳಿಯುವುದು ಕಮೆಂಟ್‌ನಿಂದ. ಸಂಕೋಚದ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವಿಷಯವನ್ನು ಬೇರೆಯವರು ಎತ್ತಿರುತ್ತಾರೆ, ನೀವು ಎರಡು ಮಾತು ಸೇರಿಸಿದರೆ ಸಾಕು.

ಹೇಗೆ ಅಂತ ನೋಡೋಣ. ನಿಮ್ಮ ಕ್ಷೇತ್ರದವರೊಬ್ಬರು ‘ತಿಂಗಳ ಕೊನೆಯ ಲೆಕ್ಕ ಮುಗಿಸುವುದು ಯಾವಾಗಲೂ ತಡ’ ಎಂದು ಬರೆದಿದ್ದಾರೆ ಅಂದುಕೊಳ್ಳಿ. ‘ಚೆನ್ನಾಗಿ ಹೇಳಿದಿರಿ ಸರ್’ ಅಂದರೆ ನೂರು ಜನರಲ್ಲಿ ನೀವೂ ಒಬ್ಬರು. ಅದರ ಬದಲು ಹೀಗೆ ಬರೆಯಿರಿ: ‘ಬ್ಯಾಂಕ್ ಲೆಕ್ಕ ತಾಳೆ ನೋಡುವುದನ್ನು ಕೊನೆಗೆ ಬಿಡದೆ ವಾರಕ್ಕೊಮ್ಮೆ ಮಾಡತೊಡಗಿದ ಮೇಲೆ ನಮ್ಮ ಒತ್ತಡ ಇಳಿಯಿತು. ಆದರೆ ಸಪ್ಲೈಯರ್ ಬಿಲ್‌ಗಳು ಈಗಲೂ ತಡವಾಗಿಯೇ ಬರುತ್ತವೆ. ನೀವು ಅದನ್ನು ಹೇಗೆ ನಿಭಾಯಿಸುತ್ತೀರಿ?’ ನೀವು ಏನು ಮಾಡಿದಿರಿ, ಏನು ಇನ್ನೂ ಬಗೆಹರಿದಿಲ್ಲ, ಅವರಿಂದ ಏನು ತಿಳಿಯಬೇಕು, ಮೂರೂ ಇದರಲ್ಲಿವೆ. ಬರೆದವರು ಬಹುಶಃ ಉತ್ತರ ಕೊಡುತ್ತಾರೆ. ಅದನ್ನು ಓದುವ ಉಳಿದವರಿಗೂ ನಿಮ್ಮ ಹೆಸರು ಕಣ್ಣಿಗೆ ಬೀಳುತ್ತದೆ. ಕಂಪನಿಯ ಒಳಗಿನ ಅಂಕಿಗಳು, ಗ್ರಾಹಕರ ಹೆಸರು ಮಾತ್ರ ಎಲ್ಲೂ ಬರಬಾರದು.

ಪ್ರತಿ ಕಮೆಂಟ್ ಜೊತೆ ನಿಮ್ಮ ಹೆಸರಿನ ಕೆಳಗೆ ಹೆಡ್‌ಲೈನ್, ಅಂದರೆ ನಿಮ್ಮ ಬಗ್ಗೆ ನೀವೇ ಬರೆದ ಒಂದು ಸಾಲು, ಕೂಡ ಕಾಣುತ್ತದೆ. ಅಲ್ಲಿ ‘ಅಕೌಂಟೆಂಟ್’ ಎಂದಷ್ಟೇ ಇದ್ದರೆ ಇವತ್ತೇ ಬದಲಿಸಿ. ನಿಮ್ಮ ಕೈ ಪಳಗಿರುವ ಕೆಲಸ ಯಾವುದು, ಯಾವ ಸಾಫ್ಟ್‌ವೇರ್ ಬರುತ್ತದೆ ಎನ್ನುವುದನ್ನು ಬರೆಯಿರಿ.

ಇನ್ನು, ಯಾರ ಜೊತೆ ಮಾತಾಡಬೇಕು? ಗುರುತೇ ಇಲ್ಲದವರಿಗೆ ರೆಸ್ಯೂಮೆ ಕಳಿಸುವುದನ್ನು ಕಡಿಮೆ ಮಾಡಿ. ಅರೆಪರಿಚಯದವರನ್ನು ಹುಡುಕಿ. ಅಂದರೆ ಹಳೆಯ ಆಫೀಸಿನ ಬೇರೆ ವಿಭಾಗದವರು, ಕಾಲೇಜಿನಲ್ಲಿ ಮುಖ ನೋಡಿದ್ದವರು, ಆಡಿಟ್‌ಗೆ ಬಂದು ಹೋದವರು. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲೇ ಇಂಥ ಪರಿಚಯಗಳ ಬಲದ ಬಗ್ಗೆ ಬರೆದಿದ್ದರು. ಆಪ್ತರಿಗೆ ಗೊತ್ತಿರುವ ಸುದ್ದಿ ಹೆಚ್ಚಾಗಿ ನಿಮಗೂ ಗೊತ್ತಿರುತ್ತದೆ, ಅಲ್ವಾ? ಹೊಸ ಸುದ್ದಿ ಬರುವುದು ಬೇರೆ ಬಳಗದವರಿಂದ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ 5 ವರ್ಷ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕೆಲಸ ಬದಲಿಸಲು ಆಪ್ತರಿಗಿಂತ ಅರೆಪರಿಚಿತರೇ ಜಾಸ್ತಿ ನೆರವಾಗುತ್ತಾರೆ, ಆದರೆ ನಂಟು ತೀರಾ ತೆಳುವಾದರೆ ಆ ಲಾಭ ಇಳಿಯುತ್ತದೆ ಎಂದು ಅದರಲ್ಲಿ ಕಂಡುಬಂತು. ಆ ತೆಳು ನಂಟನ್ನು ಸ್ವಲ್ಪ ಗಟ್ಟಿ ಮಾಡುವುದು ನಿಮ್ಮ ಕಮೆಂಟ್‌ಗಳೇ.

ಎರಡು ಮೂರು ಸಲ ಹೀಗೆ ಮಾತಾದ ಮೇಲೆ ಮೆಸೇಜ್ ಕಳಿಸಿ. ಮೊದಲ ಮೆಸೇಜಿನಲ್ಲೇ ‘ಒಂದು ಕೆಲಸ ಇದ್ದರೆ ಹೇಳಿ’ ಅನ್ನಬೇಡಿ. ಅವರು ಪಾಪ ಏನು ಹೇಳಿಯಾರು? ಸುಲಭವಾಗಿ ಉತ್ತರಿಸಬಹುದಾದದ್ದನ್ನು ಕೇಳಿ: ‘ಮೇಡಂ, ನಿಮ್ಮ ತಂಡಕ್ಕೆ ಜನರನ್ನು ತೆಗೆದುಕೊಳ್ಳುವಾಗ ಮುಖ್ಯವಾಗಿ ಯಾವ ಅನುಭವ ನೋಡುತ್ತೀರಿ?’ ಉತ್ತರ ಬರದಿದ್ದರೆ ವಾರದ ನಂತರ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಬಾಸ್ ವಿಷಯ. ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸಲು ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಎಂಬ ಆಯ್ಕೆ ಇದೆ. ಫೋಟೊ ಸುತ್ತ ಬರುವ ಅದರ ಹಸಿರು ಚೌಕಟ್ಟು ಎಲ್ಲರಿಗೂ ಕಾಣುತ್ತದೆ, ನಿಮಗದು ಬೇಡ. ಅದನ್ನು ರಿಕ್ರೂಟರ್‌ಗಳಿಗೆ, ಅಂದರೆ ಕೆಲಸಕ್ಕೆ ಜನರನ್ನು ಹುಡುಕುವವರಿಗೆ, ಮಾತ್ರ ತೋರಿಸಲೂಬಹುದು. ಅದರಲ್ಲಿ ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಂದ ಮರೆಮಾಚುವ ಪ್ರಯತ್ನ ಇರುತ್ತದೆ, ಪೂರ್ತಿ ಖಾತ್ರಿಯನ್ನು ಲಿಂಕ್ಡ್‌ಇನ್ ಕೂಡ ಕೊಡುವುದಿಲ್ಲ. ನಿಮ್ಮ ಕಮೆಂಟ್‌ಗಳೂ ಬಾಸ್‌ಗೆ ಕಾಣಬಹುದು. ಆದರೆ ಲೆಕ್ಕದ ಕೆಲಸದ ಬಗ್ಗೆ ಅಕೌಂಟ್ಸ್‌ನವರು ಮಾತಾಡಿದರೆ ಯಾರಿಗೆ ಅನುಮಾನ ಬರುತ್ತದೆ? ನಿಮ್ಮ ಸ್ಥಿತಿಯಲ್ಲಿ ಇದೇ ಹೆಚ್ಚು ಸುರಕ್ಷಿತ ಎಂದು ನನಗನಿಸುತ್ತದೆ.

ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರು, ಇಂಟರ್‌ವ್ಯೂ ಇಲ್ಲದೆ ಆಫರ್ ಕಳಿಸುವವರು ಇಲ್ಲೂ ಇದ್ದಾರೆ. ಅಂಥ ಮೆಸೇಜ್ ಬಂದರೆ ಉತ್ತರಿಸಬೇಡಿ, ರಿಪೋರ್ಟ್ ಮಾಡಿ.