ತೋರಾ ಸುರುಳಿಗೆ ಒಪ್ಪುವ ಪೀಠೋಪಕರಣ

ಪ್ರಶ್ನೆ: ಒಳಾಂಗಣ ವಿನ್ಯಾಸದ ಅಂತಿಮ ವರ್ಷದ ಯೋಜನೆಗೆ ಚಿಕ್ಕದೊಂದು ಯೆಹೂದಿ ಪ್ರಾರ್ಥನಾ ಮಂದಿರವನ್ನು ಆರಿಸಿಕೊಂಡಿದ್ದೇನೆ. ಅದರ ಪೀಠೋಪಕರಣಗಳಿಗೆ ಕಲಘಟಗಿ ತೊಟ್ಟಿಲಿನ ಬಣ್ಣಗಾರಿಕೆ ಸಲ್ಲುತ್ತದೆಯೇ? ಕೆಲಸವನ್ನು ಎಲ್ಲಿಂದ ಆರಂಭಿಸಲಿ?
— ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಣ್ಣವನ್ನು ಕೊನೆಗಿಟ್ಟುಕೊಂಡು, ಮೊದಲು ಯೆಹೂದಿಗಳ ಪವಿತ್ರ ಗ್ರಂಥವಾದ ತೋರಾದ ಸುರುಳಿಯ ಅಳತೆಯನ್ನೂ ಅದನ್ನು ಓದುವ ಪದ್ಧತಿಯನ್ನೂ ಗೊತ್ತುಮಾಡಿಕೊಳ್ಳಿ. ಚರ್ಮಪತ್ರದ ಮೇಲೆ ಕೈಯಿಂದ ಬರೆದ ಈ ಸುರುಳಿಗಳನ್ನು ಇಡುವ ಕಪಾಟು ಜೆರುಸಲೇಮಿನ ದಿಕ್ಕಿನ ಗೋಡೆಗೆ, ಅಂದರೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಪಶ್ಚಿಮದ ಗೋಡೆಗೆ ಬರುತ್ತದೆ. ನಮ್ಮ ದೇವರಮನೆಯ ವಾಸ್ತು ಲೆಕ್ಕ ಇಲ್ಲಿ ನಡೆಯದು. ಕಪಾಟಿಗೆ ಪರದೆಯೂ ಅದರ ಮುಂದೆ ಮೇಲ್ಗಡೆ ನಂದಾದೀಪವೂ ಇರುತ್ತವೆ.

ಹೆಚ್ಚು ಯೋಚಿಸಬೇಕಾದದ್ದು ಓದುವ ಮೇಜಿನ ಬಗ್ಗೆ. ಬಾಗ್ದಾದ್ ಮೂಲದವರ ಸಂಪ್ರದಾಯದಲ್ಲಿ ಸುರುಳಿಯು ಗಟ್ಟಿಯಾದ ಕರಡಿಗೆಯೊಳಗೆ ಇರುತ್ತದೆ. ಕರಡಿಗೆಯನ್ನು ನಿಲ್ಲಿಸಿ, ತೆರೆದು ಓದುವುದರಿಂದ ಮೇಜು ಸಮತಟ್ಟಾಗಿದ್ದು ಅಲುಗಾಡದಂತಿರಬೇಕು. ಪೂರ್ವ ಯುರೋಪಿನ ಸಂಪ್ರದಾಯದಲ್ಲಿ ಬಟ್ಟೆಯ ಹೊದಿಕೆ ತೆಗೆದು ಸುರುಳಿಯನ್ನು ಮಲಗಿಸಿ ಓದುತ್ತಾರೆ. ಅದಕ್ಕೆ ಓದುವವರ ಕಡೆಗೆ ಇಳಿಜಾರಾದ, ಅಗಲವಾದ ಮೇಜು ಬೇಕು. ಯಾವ ಸಮುದಾಯಕ್ಕಾಗಿ ಕಟ್ಟುತ್ತಿದ್ದೀರಿ ಎಂಬುದನ್ನು ತೀರ್ಮಾನಿಸದೆ ನಕ್ಷೆಗೆ ಕೈಹಾಕಬೇಡಿ.

ಈ ಮೇಜು ನಿಲ್ಲುವ ಎತ್ತರದ ವೇದಿಕೆಗೆ ಬೀಮಾ ಎನ್ನುತ್ತಾರೆ. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಸಿ ಮಂದಿರದಲ್ಲಿ ಅದು ಹಿತ್ತಾಳೆಯ ಕಟಕಟೆಯೊಂದಿಗೆ ಸಭಾಂಗಣದ ನಡುವೆ ನಿಂತಿದೆ. ಮಹಡಿಯ ಮೇಲೆ ಇನ್ನೊಂದು ಬೀಮಾ ಇರುವುದು ಕೇರಳದ ಮಂದಿರಗಳ ವಿಶೇಷ. ಸುರುಳಿಯನ್ನು ಎದೆಗೊತ್ತಿ ಸಭೆಯ ನಡುವೆ ಒಯ್ಯುವಾಗ ಅಕ್ಕಪಕ್ಕದವರು ಅದನ್ನು ಮುಟ್ಟಲು ಮುಂದೆ ಬರುತ್ತಾರೆ. ಆದ್ದರಿಂದ ಬೆಂಚುಗಳ ನಡುವಿನ ದಾರಿಯಲ್ಲಿ ಜಿಪುಣತನ ಬೇಡ. ಸಂಪ್ರದಾಯಸ್ಥರ ಮಂದಿರವಾದರೆ ಮಹಿಳೆಯರಿಗೆ ಪ್ರತ್ಯೇಕ ಜಾಗವನ್ನೂ ಯೋಚಿಸಬೇಕು.

ಇನ್ನು ಕಲಘಟಗಿಯ ಕೆಲಸ. ಸಾಗವಾನಿಯ ಮೇಲಿನ ಆ ಹೊಳಪಿನ ಕೆಂಪು ಇಲ್ಲಿ ಪರಕೀಯವೆನಿಸದು. ಕೊಚ್ಚಿಯ ಕಪಾಟು ಕೂಡ ಕೆತ್ತನೆಗೆ ಕೆಂಪು ಮತ್ತು ಚಿನ್ನದ ಬಣ್ಣ ಬಳಿದದ್ದೇ. ಆದರೆ ತೊಟ್ಟಿಲಿನ ಮೇಲೆ ಬರೆಯುವ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಕೈಬಿಡಬೇಕು. ಮನುಷ್ಯರೂಪಗಳನ್ನೂ ದೂರವಿಡುವುದು ಕ್ಷೇಮ. ಬಳ್ಳಿ, ಎಲೆ, ದಾಳಿಂಬೆಗಳಿಗೆ ಅಡ್ಡಿಯಿಲ್ಲ, ದಾಳಿಂಬೆಯಂತೂ ಅವರ ಅಲಂಕಾರಗಳಲ್ಲಿ ಬಹಳ ಹಳೆಯದು. ಅಂದಕ್ಕೆಂದು ಏಳು ಕವಲಿನ ದೀಪಸ್ತಂಭವನ್ನು ಸೇರಿಸುವ ಆಸೆಯಾದೀತು; ಜೆರುಸಲೇಮಿನ ಪ್ರಾಚೀನ ದೇವಾಲಯದಲ್ಲಿದ್ದ ದೀಪದ ಪ್ರತಿರೂಪ ಮಾಡುವುದನ್ನು ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ನಿಷೇಧಿಸಿರುವುದರಿಂದ, ದೀಪ ಬೇಕೇ ಬೇಕೆಂದಾದರೆ ಕವಲುಗಳ ಸಂಖ್ಯೆಯನ್ನು ಬದಲಿಸಿ.