ಪ್ರವಾಸ ಪ್ರಶ್ನೋತ್ತರ: ಪಾರ್ಕೂ ಬೇಕು, ಕಡಲೂ ಬೇಕು

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಅಮ್ಯೂಸ್‌ಮೆಂಟ್ ಪಾರ್ಕು, ಕಡಲತೀರ ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವುದು ಹೇಗೆ? ಆಯ್ದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ನಾವು ಏಳು ಜನ: ಗಂಡ, ನಾನು, ಅತ್ತೆ, ಮಾವ, 4, 8 ಮತ್ತು 13 ವರ್ಷದ ಮೂವರು ಮಕ್ಕಳು. ಬಿಡದಿಯ ವಂಡರ್‌ಲಾ ಮತ್ತು ಮಲ್ಪೆ ನೋಡುವ ಆಸೆ. ಏಜೆಂಟರು ಕೊಟ್ಟ ಪಟ್ಟಿ ಹೀಗಿದೆ: ಬೆಳಗಿನ ಜಾವ 4ಕ್ಕೆ ಹೊರಟು ನೇರ ಪಾರ್ಕಿಗೆ, ಸಂಜೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಉಡುಪಿ, ಮರುದಿನ ಬೆಳಿಗ್ಗೆಯೇ ಸೇಂಟ್ ಮೇರಿಸ್ ದ್ವೀಪ. ಒಂದು ದಿನದ ರೂಮ್ ಬಾಡಿಗೆ ಉಳಿಯುತ್ತದೆ ಎನ್ನುತ್ತಾರೆ. ಒಪ್ಪಬಹುದೇ? (ಗೃಹಿಣಿ, ದಾವಣಗೆರೆ)

ದಯವಿಟ್ಟು ಒಪ್ಪಬೇಡಿ. ಜಾಗಗಳ ಆಯ್ಕೆ ಸರಿಯಾಗಿಯೇ ಇದೆ, ಕೆಟ್ಟಿರುವುದು ಅವುಗಳ ನಡುವಿನ ರಾತ್ರಿ. ಇಂಥ ಜೋಡಿ ಪ್ರವಾಸಗಳು ಹಾಳಾಗುವುದೇ ಅಲ್ಲಿ.

ಗಡಿಯಾರ ಇಟ್ಟುಕೊಂಡು ನೋಡಿ. ದಾವಣಗೆರೆಯಿಂದ ಬಿಡದಿ ಸುಮಾರು 300 ಕಿ.ಮೀ. ನಾಲ್ಕಕ್ಕೆ ಹೊರಡಬೇಕಾದರೆ ಮಕ್ಕಳನ್ನು ಮೂರಕ್ಕೇ ಎಬ್ಬಿಸಬೇಕು. ಪಾರ್ಕಿನ ಬಾಗಿಲು ತೆರೆಯುವುದು 11ಕ್ಕೆ. ಸಂಜೆಯವರೆಗೆ ಬಿಸಿಲು, ನೀರು, ಕ್ಯೂ. ಆಮೇಲೆ ಬೆಂಗಳೂರಿನ ಟ್ರಾಫಿಕ್ ದಾಟಿ ರಾತ್ರಿ ಬಸ್ಸು ಹಿಡಿಯಬೇಕು. ಶಿರಾಡಿ ಘಾಟಿಯ ತಿರುವುಗಳು ಬರುವುದು ನಡುರಾತ್ರಿ ಕಳೆದ ಮೇಲೆ. ದಣಿದು, ಹೊಟ್ಟೆ ತುಂಬ ಉಂಡು ಮಲಗಿದ ಮಗು ವಾಂತಿ ಮಾಡಿಕೊಳ್ಳುವುದೂ ಅಲ್ಲೇ. ಬೆಳಿಗ್ಗೆ ಆರೋ ಏಳೋ ಗಂಟೆಗೆ ಉಡುಪಿಯಲ್ಲಿ ಇಳಿದರೆ ಹೋಟೆಲಿನ ಚೆಕ್‌-ಇನ್ ಮಧ್ಯಾಹ್ನ 12ಕ್ಕೋ 2ಕ್ಕೋ ಇರುತ್ತದೆ. ಅಷ್ಟು ಹೊತ್ತು ಏಳು ಜನ, ಒದ್ದೆ ಬಟ್ಟೆಯ ಚೀಲಗಳ ಜೊತೆ ಎಲ್ಲಿ ಕೂರುತ್ತೀರಿ? ಆ ಖಾಲಿ ಹೊತ್ತನ್ನು ತುಂಬಿಸಲೆಂದೇ ಪಟ್ಟಿಯಲ್ಲಿ ಬೆಳಿಗ್ಗೆಯೇ ದ್ವೀಪ ಇಟ್ಟಿದ್ದಾರೆ. ಅಲ್ಲಿ ತೆಂಗಿನ ಮರಗಳ ನೆರಳು ಬಿಟ್ಟರೆ ಹೆಚ್ಚೇನೂ ಇಲ್ಲ.

ಐದು ದಿನಕ್ಕೆ ಹೀಗೆ ಮಾಡಿ. ಮೊದಲ ದಿನ ಊಟ ಮುಗಿಸಿ ಆರಾಮಾಗಿ ಹೊರಡಿ. ತುಮಕೂರು ದಾಟಿದ ಮೇಲೆ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಒಳಗೆ ಹೋಗಬೇಕಿಲ್ಲ. ರಾತ್ರಿ ಬಿಡದಿಯ ಸುತ್ತಮುತ್ತ ತಂಗಿ. ಎರಡನೇ ದಿನ ತಟ್ಟೆ ಇಡ್ಲಿ ತಿಂದು 10.30ಕ್ಕೆ ಪಾರ್ಕಿನ ಗೇಟಿನಲ್ಲಿರಿ, ರಾತ್ರಿ ಅದೇ ರೂಮಿಗೆ ಮರಳಿ. ಮೂರನೇ ದಿನ ಪ್ರಯಾಣ ಮಾತ್ರ: ಮಾಗಡಿ, ಕುಣಿಗಲ್ ಮೂಲಕ ಹಾಸನದ ಹೆದ್ದಾರಿ ಸೇರಿ, ಹಾಸನದಲ್ಲಿ ಊಟ ಮಾಡಿ, ಹಗಲಿನಲ್ಲೇ ಶಿರಾಡಿ ಇಳಿದುಬಿಡಿ. ಸುಮಾರು 380 ಕಿ.ಮೀ. ದಾರಿ, ನಿಲ್ಲಿಸಿಕೊಂಡು ಹೋದರೆ ಒಂಬತ್ತು ಗಂಟೆ ಎಂದಿಟ್ಟುಕೊಳ್ಳಿ. ನಾಲ್ಕನೇ ದಿನ ಬೆಳಗಿನ ಮೊದಲ ದೋಣಿಗಳಲ್ಲೇ ದ್ವೀಪ, ಮಧ್ಯಾಹ್ನ ನಿದ್ದೆ, ಸಂಜೆ ಮಲ್ಪೆ ತೀರ. ಐದನೇ ದಿನ ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗದ ಮೇಲೆ ಮನೆಗೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸು ಬಿಡುವುದಿಲ್ಲ. ಟಿಟಿ (ಟೆಂಪೋ ಟ್ರಾವೆಲರ್) ಗಾಡಿಗೆ ಅಡ್ಡಿಯಿಲ್ಲ.

ಪಾರ್ಕನ್ನು ಮೊದಲು, ಕಡಲನ್ನು ಆಮೇಲೆ ಇಡುವುದಕ್ಕೆ ಕಾರಣವಿದೆ. ಕಡಲ ಬಿಸಿಲಿಗೆ ಸುಟ್ಟ ಮೈಯನ್ನು ಮರುದಿನ ಕ್ಲೋರಿನ್ ನೀರಿಗೆ ಒಡ್ಡಿದರೆ ಹೆಗಲು, ಕತ್ತು ಉರಿಯುತ್ತದೆ. ಈಜುಡುಗೆಯ ಹೊಲಿಗೆಯಲ್ಲಿ ಉಳಿದ ಮರಳು ಸ್ಲೈಡಿನಲ್ಲಿ ಜಾರುವಾಗ ತೊಡೆ ಕೆರೆಯುತ್ತದೆ. ಪಾರ್ಕು ಮುಗಿಸಿ ಬಂದ ಮಕ್ಕಳಾದರೋ ಕಡಲೆದುರು ಮರಳಿನಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಆ ವಿಶ್ರಾಂತಿ ಹಿರಿಯರಿಗೂ ಬೇಕಾಗಿರುತ್ತದೆ.

ಏಜೆಂಟರು ಉಳಿಸುತ್ತೇನೆಂದ ಆ ಒಂದು ರಾತ್ರಿಯ ಬಾಡಿಗೆಯನ್ನು ಕೊಟ್ಟುಬಿಡಿ. ಇಡೀ ಪ್ರವಾಸದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಬಿ.ಪಿ. ಪಾರ್ಕಿನಲ್ಲಿ ಇಡೀ ದಿನ ಏನು ಮಾಡುತ್ತಾರೆ? (ಬ್ಯಾಂಕ್ ಉದ್ಯೋಗಿ, ತುಮಕೂರು)

ಒಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಟಿಕೆಟ್ ಬೇಕು. ಆಟ ಆಡುವುದಿಲ್ಲ ಎಂದರೆ ಕೇಳುವುದಿಲ್ಲ. 60 ದಾಟಿದವರಿಗೆ ರಿಯಾಯಿತಿ ಇರುತ್ತದೆ, ವಯಸ್ಸಿನ ದಾಖಲೆ ಕೈಯಲ್ಲಿರಲಿ. ಬಿ.ಪಿ., ಹೃದಯದ ತೊಂದರೆ, ಬೆನ್ನುನೋವು ಇರುವವರನ್ನೂ ಗರ್ಭಿಣಿಯರನ್ನೂ ರಭಸದ ರೈಡುಗಳಿಗೆ ಹತ್ತಿಸುವುದಿಲ್ಲ. ಹತ್ತಿಸಬಾರದು ಕೂಡ.

ಆ ದಿನ ಇಬ್ಬರನ್ನೂ ಪಾರ್ಕಿಗೆ ಕರೆದೊಯ್ಯದಿರುವುದೇ ಮೇಲು. ಬಿಡದಿಯಿಂದ ಮೈಸೂರಿನ ಕಡೆಗೆ ಸುಮಾರು 20 ಕಿ.ಮೀ. ಹೋದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಒರಳು, ನೇಗಿಲು, ತೊಗಲುಗೊಂಬೆ, ಹಳೆಯ ಪಾತ್ರೆಗಳನ್ನು ನೋಡುತ್ತ ಅವರು ಅರ್ಧ ದಿನ ಸಂತೋಷವಾಗಿ ಕಳೆಯಬಹುದು. ಇನ್ನೂ ಉತ್ಸಾಹವಿದ್ದರೆ ಮುಂದೆ ಚನ್ನಪಟ್ಟಣದಲ್ಲಿ ಮೊಮ್ಮಕ್ಕಳಿಗೆ ಮರದ ಬೊಂಬೆ. ಮಧ್ಯಾಹ್ನ ರೂಮಿಗೆ ಬಂದು ಮಲಗಲಿ. ನಿಮ್ಮನ್ನು ಬಿಟ್ಟ ಗಾಡಿ ಹೇಗೂ ಖಾಲಿ ನಿಂತಿರುತ್ತದೆ, ಆ ದಿನದ ಬಾಡಿಗೆಯನ್ನೂ ನೀವು ಕೊಟ್ಟೇ ಇರುತ್ತೀರಿ.

ಒಂದು ಎಚ್ಚರಿಕೆ: ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವಾಗ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಬೇಕಾಗುವುದುಂಟು, ಇಳಿಯುವಲ್ಲಿ ಕಂಬದಂಥ ಕಲ್ಲುಗಳು ಜಾರುತ್ತವೆ. ಮಂಡಿ ನೋವಿನವರಿಗೆ ಮಲ್ಪೆ ದಂಡೆಯೇ ಸಾಕು.

ಪಾರ್ಕಿನ ಟಿಕೆಟ್ ವಯಸ್ಸಿನ ಮೇಲೋ, ಎತ್ತರದ ಮೇಲೋ? ಹತ್ತಿ ಬಟ್ಟೆಗೆ ನೀರಿನಲ್ಲಿ ಯಾಕೆ ಬಿಡುವುದಿಲ್ಲ? (ಓದುಗರು, ಹಾಸನ)

ವಂಡರ್‌ಲಾದಲ್ಲಿ ಎತ್ತರದ ಮೇಲೆ. 85 ಸೆಂ.ಮೀ. ಒಳಗಿನ ಮಕ್ಕಳಿಗೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಎತ್ತರದವರು ದೊಡ್ಡವರ ಲೆಕ್ಕ. ಟಿಕೆಟ್ ಬುಕ್ ಮಾಡುವ ಮುಂಚೆ ಮಗುವನ್ನು ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವನ್ನು ಮಟ್ಟಸವಾಗಿ ಇಟ್ಟು ಗೆರೆ ಎಳೆದು ಅಳೆಯಿರಿ. ಪ್ರತಿ ರೈಡಿಗೂ ಬೇರೆ ಎತ್ತರದ ಮಿತಿ ಇರುತ್ತದೆ. ಒಂದು ಗಂಟೆ ಕ್ಯೂ ನಿಂತ ಮೇಲೆ ಎರಡು ಸೆಂಟಿಮೀಟರಿಗೆ ವಾಪಸಾಗುವ ಮಗುವಿನ ಮುಖ ನೋಡಲಾಗದು. ಮನೆಯಲ್ಲೇ ಅಳೆದು, ಯಾವುದಕ್ಕೆ ಬಿಡುತ್ತಾರೆ, ಯಾವುದಕ್ಕೆ ಇಲ್ಲ ಎಂದು ಮೊದಲೇ ಹೇಳಿಬಿಡಿ.

ಹತ್ತಿ ನೀರು ಕುಡಿದು ಭಾರವಾಗಿ ಜೋಲುತ್ತದೆ, ಸ್ಲೈಡಿನಲ್ಲಿ ಸಲೀಸಾಗಿ ಜಾರುವುದಿಲ್ಲ. ಉದುರಿದ ನೂಲಿನ ಎಳೆಗಳು ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ. ಜಿಪ್ಪು, ಲೋಹದ ಗುಂಡಿ ಇದ್ದರೆ ಸ್ಲೈಡಿನ ಫೈಬರ್ ಗೀಚಿ, ಹಿಂದೆ ಬರುವವರ ಮೈಗೂ ಗಾಯವಾಗುತ್ತದೆ. ನೈಲಾನ್ ಅಥವಾ ಲೈಕ್ರಾ ಉಡುಪನ್ನು ತಲೆಗೆ ಎರಡರಂತೆ ಒಯ್ಯಿರಿ. ಕರಾವಳಿಯ ತೇವದ ಗಾಳಿಯಲ್ಲಿ ರಾತ್ರಿ ಒಣಹಾಕಿದ್ದು ಬೆಳಿಗ್ಗೆಯೂ ಜಿಗುಟಾಗಿಯೇ ಇರುತ್ತದೆ.

ಸಣ್ಣದಾಗಿ ಟೂರ್ ವ್ಯವಹಾರ ಶುರುಮಾಡಿದ್ದೇನೆ. ಬಿಡದಿ-ಮಲ್ಪೆ ಐದು ದಿನದ ಪ್ಯಾಕೇಜಿಗೆ ದರ ಹೇಗೆ ಕಟ್ಟಲಿ? ಕಳೆದ ಟ್ರಿಪ್‌ನಲ್ಲಿ ಸೀಟು ಮುಕ್ಕಾಲು ತುಂಬಿದರೂ ಕೈಯಿಂದ ಹಾಕಬೇಕಾಯಿತು. (ಓದುಗರು, ಶಿವಮೊಗ್ಗ)

ಗಾಡಿ ತುಂಬುತ್ತದೆ ಎಂದುಕೊಂಡು ತಲೆವಾರು ದರ ಕಟ್ಟಿರುತ್ತೀರಿ. ನಷ್ಟ ಅಲ್ಲಿಂದಲೇ.

ಖರ್ಚನ್ನು ಎರಡು ಕಾಲಮಿನಲ್ಲಿ ಬರೆಯಿರಿ. ಎಷ್ಟು ಜನ ಬಂದರೂ ಬದಲಾಗದ್ದು ಒಂದು ಕಡೆ: ಗಾಡಿ, ಚಾಲಕನ ಬಾಟಾ, ಟೋಲ್, ಪಾರ್ಕಿಂಗ್. ತಲೆ ಎಣಿಸಿ ಕೊಡುವುದು ಇನ್ನೊಂದು ಕಡೆ: ಪಾರ್ಕಿನ ಟಿಕೆಟ್, ಊಟ, ದೋಣಿ. ರೂಮು ಇವೆರಡರ ನಡುವಿನದು. ಇಬ್ಬರಿಗೊಂದು ರೂಮು ಎಂದು ಲೆಕ್ಕ ಹಾಕಿದಾಗ ಒಬ್ಬರು ಬೆಸವಾಗಿ ಉಳಿದರೆ ಆ ಹೊರೆ ನಿಮ್ಮದು. ಒಂಟಿ ರೂಮಿನ ಹೆಚ್ಚುವರಿ ದರ, ಮಗುವಿನ ಎಕ್ಸ್‌ಟ್ರಾ ಬೆಡ್ಡಿನ ದರ ಎರಡನ್ನೂ ಬೇರೆಯಾಗಿಯೇ ನಮೂದಿಸಿ.

12 ಸೀಟಿನ ಟಿಟಿಗೆ ಕಿ.ಮೀ.ಗೆ 24 ರೂ., ದಿನಕ್ಕೆ ಕನಿಷ್ಠ 250 ಕಿ.ಮೀ. ಎಂದು ಮಾತಾಗಿದೆ ಎನ್ನೋಣ. ದಾವಣಗೆರೆಯಿಂದ ಈ ಸುತ್ತು ನಿಜವಾಗಿ ಓಡುವುದು ಹೆಚ್ಚುಕಡಿಮೆ ಸಾವಿರ ಕಿ.ಮೀ. ಆದರೆ ಬಿಲ್ಲು ಬರುವುದು 5 ದಿನಕ್ಕೆ 1,250 ಕಿ.ಮೀ.ಗೆ, ಅಂದರೆ 30,000 ರೂ. ಬಾಟಾ ದಿನಕ್ಕೆ 500ರಂತೆ 2,500, ಟೋಲ್ ಮತ್ತು ಪಾರ್ಕಿಂಗಿಗೆ 2,500 ಸೇರಿಸಿದರೆ 35,000. ಹನ್ನೆರಡು ಜನರ ಮೇಲೆ ಹಂಚಿದರೆ ತಲೆಗೆ 2,917. ಬಂದವರು ಎಂಟೇ ಜನ ಎಂದರೆ 4,375. ನೀವು 2,917ರ ಲೆಕ್ಕದಲ್ಲಿ ದರ ಹೇಳಿದ್ದರೆ ಎಂಟು ಜನರಿಂದ ಬಿದ್ದ ಕೊರತೆ 11,664 ರೂ. ಲಾಭವೆಂದು ಇಟ್ಟುಕೊಂಡದ್ದು ಅಷ್ಟರಲ್ಲೇ ಮುಗಿಯಿತು. ಎಂಟು ಸೀಟಿಗೆ ಅಸಲು ಹುಟ್ಟುವಂತೆ ದರ ಕಟ್ಟಿ. ಎಂಟರ ಮೇಲಿನ ಪ್ರತಿ ಸೀಟೂ ನಿಮ್ಮ ಗಳಿಕೆ. ಎಂಟಕ್ಕಿಂತ ಕಡಿಮೆಯಾದರೆ ಟ್ರಿಪ್ ರದ್ದಾಗಿ ಹಣ ಪೂರ್ತಿ ವಾಪಸ್ ಎಂದು ಮೊದಲೇ ಬರೆದುಕೊಡಿ.

ಜಿಎಸ್‌ಟಿ ಮರೆಯಬೇಡಿ. ಟೂರ್ ಆಪರೇಟರ್ ಶೇ. 5ರ ದರದಲ್ಲಿ ತೆರಿಗೆ ಕಟ್ಟಿದರೆ ಪಾರ್ಕಿನ ಟಿಕೆಟ್, ರೂಮಿನ ಬಿಲ್ಲಿನಲ್ಲಿ ಕೊಟ್ಟ ತೆರಿಗೆಯನ್ನು ಹಿಂಪಡೆಯಲಾಗದು. ಅದೂ ಅಸಲಿಗೇ ಸೇರುತ್ತದೆ.

ಇನ್ನೊಂದು ಮಾತು. ಪಾರ್ಕಿನ ದಿನ ಭಾನುವಾರ ಬೀಳದಂತೆ ಹೊರಡುವ ದಿನ ಹಿಡಿಯಿರಿ. ಸೋಮವಾರ ಹೊರಟರೆ ಪಾರ್ಕು ಮಂಗಳವಾರ, ಮಲ್ಪೆ ಗುರುವಾರ. ಎರಡೂ ಕಡೆ ಜನ ಕಡಿಮೆ, ರೂಮಿನ ದರದಲ್ಲೂ ಚೌಕಾಸಿಗೆ ಜಾಗವಿರುತ್ತದೆ. ಪಾರ್ಕಿನಲ್ಲಿ ಕ್ಯೂ ಚಿಕ್ಕದಿದ್ದರೆ ಫಾಸ್ಟ್‌ಟ್ರ್ಯಾಕ್ ಟಿಕೆಟಿನ ಖರ್ಚೂ ಇಲ್ಲ.

ಬೆಂಗಳೂರಿನವರೆಗೆ ಹೋಗದೆ ಇಂಥದ್ದೇ ಎರಡು ದಿನದ ಪ್ರವಾಸ ಸಾಧ್ಯವೇ? ಜೂನ್‌ನಲ್ಲಿ ರಜೆ ಸಿಗುತ್ತದೆ. (ಶಿಕ್ಷಕಿ, ಪುತ್ತೂರು)

ಸಾಧ್ಯ, ಆದರೆ ಜೂನ್‌ನಲ್ಲಿ ಬೇಡ. ಮಂಗಳೂರಿನ ಪಿಲಿಕುಳದಲ್ಲಿ ಮಾನಸ ವಾಟರ್ ಪಾರ್ಕ್ ಇದೆ, ಪಕ್ಕದಲ್ಲೇ ಮೃಗಾಲಯ. ಒಂದು ದಿನ ಅಲ್ಲಿ, ಮರುದಿನ ಪಡುಬಿದ್ರಿ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಕರ್ನಾಟಕದ ಎರಡು ತೀರಗಳಲ್ಲಿ ಅದೊಂದು, ಇನ್ನೊಂದು ಹೊನ್ನಾವರದ ಕಾಸರಕೋಡು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಜೀವರಕ್ಷಕರು ಇರುವ ತೀರವೆಂದರೆ ಮಕ್ಕಳೊಂದಿಗೆ ಹೋಗುವವರಿಗೆ ಅರ್ಧ ಚಿಂತೆ ಕಳೆದಂತೆ.

ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ಮಲ್ಪೆಯ ದೋಣಿಗಳೂ ನಿಂತಿರುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೊಂದಿಸಿಕೊಳ್ಳಿ. ಆಗಲೂ ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ದಂಡೆಯಲ್ಲಿ ನಿಂತು ಅಲೆ ನೋಡಿ. ಎರಡು ಕಡೆ ಬಿಳಿ ನೊರೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ, ಬಣ್ಣ ಕಡುವಾಗಿ ಕಂಡರೆ ಮಕ್ಕಳನ್ನು ಅಲ್ಲಿಗೆ ಬಿಡಬೇಡಿ. ದಡಕ್ಕೆ ಬಂದ ನೀರು ಒಳಕ್ಕೆ ಹಿಂತಿರುಗುವ ದಾರಿ ಅದು. ಶಾಂತವಾಗಿದೆಯೆಂದು ನಂಬಿ ಇಳಿದವರನ್ನೇ ಅದು ಒಳಕ್ಕೆ ಎಳೆಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದು, ಆಮೇಲೆ ದಡದತ್ತ ತಿರುಗಿ. ಕೆಂಪು ಬಾವುಟ ಹಾರುತ್ತಿದ್ದರೆ ಪಾದ ತೋಯಿಸುವುದೂ ಬೇಡ.

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ನೋಡಿ, ಬಿಂಟನ್ ದ್ವೀಪದ ರೆಸಾರ್ಟಿನಲ್ಲಿ ಎರಡು ರಾತ್ರಿ ಇರುವ ಯೋಚನೆ. ಏನು ಗಮನಿಸಬೇಕು? (ಓದುಗರು, ಬೆಂಗಳೂರು)

ಬಿಂಟನ್ ಇಂಡೊನೇಷ್ಯಕ್ಕೆ ಸೇರಿದ್ದು. ಆ ದೇಶದ ವೀಸಾ ಬೇರೆ ಬೇಕು. ಅಲ್ಲಿಂದ ಸಿಂಗಪುರಕ್ಕೆ ಮರಳುವಾಗ ಮತ್ತೆ ಪ್ರವೇಶ ಬೇಕಾಗುವುದರಿಂದ ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುವಂಥದ್ದೇ ಎಂದು ಬುಕಿಂಗಿಗೆ ಮುಂಚೆ ಓದಿ ನೋಡಿ. ಆನ್‌ಲೈನ್ ಅರೈವಲ್ ಕಾರ್ಡನ್ನೂ ಎರಡನೇ ಸಲ ತುಂಬಬೇಕು.

ಎತ್ತರದ ಮಾತು ಇಲ್ಲೂ ಬರುತ್ತದೆ. ಯೂನಿವರ್ಸಲ್‌ನಲ್ಲಿ ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ 102 ಸೆಂ.ಮೀ., ‘ಮಮ್ಮಿ’ ರೈಡಿಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ರೋಲರ್‌ಕೋಸ್ಟರಿಗೆ 125 ಬೇಕು. ಮಗು ಆರು ವರ್ಷದೊಳಗಿನದಾದರೆ ಬಿಂಟನ್ ಬಿಟ್ಟು ಸೆಂಟೋಸಾದಲ್ಲೇ ಉಳಿಯುವುದು ನಮ್ಮ ಸಲಹೆ. ಪಾರ್ಕು ಇರುವ ಅದೇ ದ್ವೀಪದಲ್ಲಿ ಸಿಲೋಸೋ, ಪಲಾವನ್ ತೀರಗಳಿವೆ. ಮರಳು ಹೊರಗಿನಿಂದ ತಂದು ಹಾಸಿದ್ದು, ದೂರದಲ್ಲಿ ಹಡಗುಗಳ ಸಾಲು ಕಾಣುತ್ತದೆ, ಆದರೆ ನೀರಿನಲ್ಲಿ ರಭಸವಿಲ್ಲ. ದೋಣಿ, ವಲಸೆ ಕೌಂಟರು, ಮತ್ತೆ ಲಗೇಜು ಕಟ್ಟುವುದು ಯಾವುದೂ ಇಲ್ಲ. ದ್ವೀಪದೊಳಗೆ ಓಡಾಡಲು ಬಸ್ಸು ಉಚಿತ.

ಬಿಂಟನ್‌ಗೆ ಹೋಗಲೇಬೇಕೆಂದರೆ ತನಾ ಮೇರಾ ಬಂದರಿನಿಂದ ಫೆರಿ ಹಿಡಿಯಬೇಕು, ಸುಮಾರು ಒಂದು ಗಂಟೆಯ ಹಾದಿ. ಬಿಂಟನ್‌ನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಮರಳುವ ಫೆರಿ ಟಿಕೆಟಿನಲ್ಲಿ ಬರೆದಿರುವುದು ಬಿಂಟನ್ ಸಮಯ, ಬೆಂಗಳೂರಿನ ವಿಮಾನದ ಟಿಕೆಟಿನಲ್ಲಿ ಬರೆದಿರುವುದು ಸಿಂಗಪುರದ ಸಮಯ. ಮಧ್ಯಾಹ್ನ 2ರ ಫೆರಿ ಹತ್ತಿದರೆ ಸಿಂಗಪುರದಲ್ಲಿ ಇಳಿಯುವಾಗ ಅಲ್ಲಿ ಗಂಟೆ ಮೂರಲ್ಲ, ನಾಲ್ಕು. ಅದೇ ಸಂಜೆ ವಿಮಾನವಿದ್ದರೆ ಬೆಳಗಿನ ಫೆರಿಯನ್ನೇ ಹಿಡಿಯಿರಿ.